ಮನೆಯಲ್ಲೇ ಕಟ್ಟಿದ ಕಾರಿಗೆ ನಂಬರ್ ಪ್ಲೇಟ್ ಸಿಗುತ್ತಾ?

ಪುಣೆಯಿಂದ ಮಾತಾಡ್ತಾ ಇದೀನಿ.

ಹೈದರಾಬಾದಿನಲ್ಲಿ ನನ್ನ ಚಿಕ್ಕಪ್ಪನ ಮಗ ಒಬ್ಬ ಇದಾನೆ. ನಮ್ಮ ಹಾಗೇ ಸಾಫ್ಟ್‌ವೇರ್ ಕೆಲಸ, ಆದ್ರೆ ಕೈ ಸುಮ್ನಿರಲ್ಲ. ಎರಡು ತಿಂಗಳ ಹಿಂದೆ ಫೋನ್ ಮಾಡಿ, "ಅಣ್ಣಾ, ಒಂದು ಎಲೆಕ್ಟ್ರಿಕ್ ಬಗ್ಗಿ ಮಾಡ್ತಾ ಇದೀನಿ. ಪೈಪ್ ಫ್ರೇಮ್ ವೆಲ್ಡಿಂಗ್ ಆಯ್ತು, ಮೋಟಾರ್, ಕಂಟ್ರೋಲರ್ ಬಂತು. ಮುಗಿದ ಮೇಲೆ ಆಫೀಸಿಗೆ ಅದ್ರಲ್ಲೇ ಹೋಗೋದು" ಅಂದ. ನಂಬರ್ ಪ್ಲೇಟ್ ಕತೆ ಏನಪ್ಪಾ ಅಂತ ಕೇಳಿದೆ. "ಆರ್‌ಟಿಒದಲ್ಲಿ ಏನೋ ಒಂದು ದಾರಿ ಇದ್ದೇ ಇರುತ್ತಲ್ವಾ? ಅಮೆರಿಕದಲ್ಲಿ ಎಲ್ಲಾ ಮಾಡ್ತಾರೆ, ಯೂಟ್ಯೂಬಲ್ಲಿ ನೋಡಿದೀನಿ" ಅಂದ.

ಅವನು ನೋಡಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ನಿಜವಾಗಿಯೂ ಮಾಡ್ತಾರೆ. ನಾನು ಕಣ್ಣಾರೆ ನೋಡಿದೀನಿ, ಕೈ ಕೂಡ ಜೋಡಿಸಿದೀನಿ. ಆದ್ರೆ ಅಲ್ಲಿ ಯಾಕೆ ಆಗುತ್ತೆ, ಇಲ್ಲಿ ಯಾಕೆ ಆಗಲ್ಲ ಅನ್ನೋದು ನನ್ನ ತಲೆಗೆ ಹತ್ತೋಕೆ ನಲವತ್ತು ಸಾವಿರ ರೂಪಾಯಿ ಕಳ್ಕೊಬೇಕಾಯ್ತು. ಆ ದುಡ್ಡಿನ ಕತೆ ಆಮೇಲೆ ಹೇಳ್ತೀನಿ, ಮೊದಲು ಅಮೆರಿಕ.

ನಾನು ಮೂರು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಆನ್‌ಸೈಟ್ ಇದ್ದೆ. ಬಾಡಿಗೆ ಮನೆ ಓನರ್ ಎಪ್ಪತ್ತು ದಾಟಿದವರು, ಮೆಷಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಒಂದು ಕೋಬ್ರಾ ಅರ್ಧ ಎದ್ದು ನಿಂತಿತ್ತು. ಕ್ಯಾರೊಲ್ ಶೆಲ್ಬಿ ಅನ್ನೋರು 1962ರಲ್ಲಿ ಬ್ರಿಟಿಷ್ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡ್‌ನ ವಿ8 ಎಂಜಿನ್ ಹಾಕಿ ಮಾಡಿದ ಗಾಡಿ ಅದು. ಅಸಲಿ ಕೋಬ್ರಾಗಳು ತಯಾರಾದದ್ದೇ ಸುಮಾರು ಸಾವಿರ. ಅವುಗಳ ಬೆಲೆ ನಮ್ಮಂಥವರು ಕೇಳೋ ಹಾಗಿಲ್ಲ. ಹಾಗಾಗಿ ಅದೇ ಆಕಾರದ ಕಿಟ್ ಮಾರೋ ಕಂಪನಿಗಳು ಹುಟ್ಟಿಕೊಂಡವು. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಅದರಲ್ಲಿ ಹೆಸರುವಾಸಿ.

ಕಿಟ್ ಅಂದ್ರೆ ಏನು ಬರುತ್ತೆ? ಫ್ರೇಮ್, ಫೈಬರ್ ಬಾಡಿ, ಸಸ್ಪೆನ್ಷನ್ ಸಾಮಾನು, ವೈರಿಂಗ್, ಸೀಟು. ಎಂಜಿನ್, ಗೇರ್‌ಬಾಕ್ಸ್ ಬರಲ್ಲ, ಅದನ್ನ ನೀವು ಬೇರೆ ತಗೋಬೇಕು. ತುಂಬಾ ಜನ ಹಳೆ ಮಸ್ಟಾಂಗ್ ಒಂದನ್ನ ಬಿಚ್ಚಿ ಅದರಿಂದ ತೆಗೀತಾರೆ. ಎಂಜಿನ್ ಕೊಡದೇ ಇರೋದು ಜಿಪುಣತನ ಅಲ್ಲ. ಪೂರ್ತಿ ಕಾರು ಮಾರಿದ್ರೆ ಕಂಪನಿಯು ಕಾರು ತಯಾರಕ ಆಗ್ಬಿಡುತ್ತೆ, ಕೇಂದ್ರ ಸರ್ಕಾರದ ಸುರಕ್ಷತಾ ನಿಯಮ, ಹೊಗೆ ನಿಯಮ ಎಲ್ಲಾ ಬಂದು ಕೂರುತ್ತವೆ. ಬಿಡಿಭಾಗ ಮಾರಿದ್ರೆ ಅದು ಬಿಡಿಭಾಗ ಅಷ್ಟೇ. ಕೊನೆಯ ಬೋಲ್ಟ್ ಬಿಗಿ ಮಾಡೋ ಮನುಷ್ಯನೇ ಆ ಕಾರನ್ನ ಕಟ್ಟಿದವನು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ವ್ಯತ್ಯಾಸ ಹೇಳ್ಬೇಕು. ನಮ್ಮಲ್ಲಿ ಆರ್‌ಸಿ ಒಂದೇ. ಗಾಡಿ ಯಾರದು ಅನ್ನೋದಕ್ಕೂ ಅದೇ, ರಸ್ತೆಗೆ ತರಬಹುದು ಅನ್ನೋದಕ್ಕೂ ಅದೇ. ಅಲ್ಲಿ ಎರಡು ಬೇರೆ ಬೇರೆ. ಟೈಟಲ್ ಅಂದ್ರೆ ಒಡೆತನದ ಪತ್ರ, ನಮ್ಮ ಸೈಟಿನ ಕ್ರಯಪತ್ರ ಇದ್ದ ಹಾಗೆ. ರಿಜಿಸ್ಟ್ರೇಷನ್ ಅಂದ್ರೆ ರಸ್ತೆಯಲ್ಲಿ ಓಡಿಸೋ ಅನುಮತಿ, ಕಾಲಕಾಲಕ್ಕೆ ದುಡ್ಡು ಕಟ್ಟಿ ನವೀಕರಿಸಬೇಕು. ಎರಡನ್ನೂ ಕೊಡೋದು ಆಯಾ ರಾಜ್ಯದ ಇಲಾಖೆ, ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಡಿಎಂವಿ. ಪ್ರತಿ ರಾಜ್ಯಕ್ಕೂ ಬೇರೆ ನಿಯಮ. ಅದಕ್ಕೇ ಯೂಟ್ಯೂಬಲ್ಲಿ ಒಬ್ಬ ಅರ್ಧ ದಿನದಲ್ಲಿ ಆಯ್ತು ಅಂತಾನೆ, ಇನ್ನೊಬ್ಬ ಒಂದು ವರ್ಷ ಓಡಾಡಿದೆ ಅಂತಾನೆ. ಇಬ್ಬರೂ ಸುಳ್ಳು ಹೇಳ್ತಾ ಇಲ್ಲ.

ಓನರ್ ಗ್ಯಾರೇಜಿನ ಗೋಡೆಗೆ ಒಂದು ದಪ್ಪ ಫೈಲ್ ನೇತುಹಾಕಿದ್ರು. ಸ್ಪ್ಯಾನರ್ ಎಲ್ಲಿ ಬಿತ್ತು ಅನ್ನೋದು ಅವರಿಗೆ ಗೊತ್ತಿರ್ತಿರಲಿಲ್ಲ, ಆದ್ರೆ ಫೈಲ್ ಮಾತ್ರ ಅಚ್ಚುಕಟ್ಟು. ಒಂದು ಸಲ ನಾನು ಹಾರ್ಡ್‌ವೇರ್ ಅಂಗಡಿಯಿಂದ ಬ್ರೇಕ್ ಪೈಪ್ ತಂದುಕೊಟ್ಟು ಬಿಲ್ಲನ್ನ ಮುದುರಿ ಕಸದ ಬುಟ್ಟಿಗೆ ಹಾಕಿದ್ದಕ್ಕೆ ಬೈದು, ಬುಟ್ಟಿಗೆ ಕೈ ಹಾಕಿ ತೆಗೆದ್ರು. ಯಾಕೆ ಅಂತ ಆಗ ಅರ್ಥ ಆಗಿರಲಿಲ್ಲ.

ಯಾಕೆ ಅಂದ್ರೆ, ಮಾಮೂಲಿ ಕಾರು ಹುಟ್ಟಿದಾಗ ಕಂಪನಿ ಒಂದು ಕಾಗದ ಕೊಡುತ್ತೆ, ಸರ್ಟಿಫಿಕೇಟ್ ಆಫ್ ಒರಿಜಿನ್. ಕಾರಿನ ಜನನ ಪ್ರಮಾಣಪತ್ರ ಅಂತಿಟ್ಕೊಳ್ಳಿ. ಡೀಲರ್ ಮೂಲಕ ಅದು ಡಿಎಂವಿಗೆ ಹೋಗಿ ಟೈಟಲ್ ಆಗುತ್ತೆ. ಮನೆಯಲ್ಲಿ ಕಟ್ಟಿದ ಕಾರಿಗೆ ಇಡೀ ಗಾಡಿಯ ಜನನ ಪ್ರಮಾಣಪತ್ರ ಕೊಡೋಕೆ ಯಾರೂ ಇಲ್ಲ. ಕಿಟ್ ಕಂಪನಿ ಕಿಟ್‌ಗೆ ಮಾತ್ರ ಕೊಡುತ್ತೆ. ಎಂಜಿನ್‌ಗೆ ಅದನ್ನ ಕೊಂಡ ರಸೀದಿ, ಗೇರ್‌ಬಾಕ್ಸ್‌ಗೆ ಅದರ ರಸೀದಿ. ಬಿಚ್ಚಿದ ಹಳೆ ಕಾರಿದ್ದರೆ ಅದರ ಟೈಟಲ್. ಇವೆಲ್ಲ ಸೇರಿದಾಗ "ಈ ಗಾಡಿಯಲ್ಲಿ ಕದ್ದ ಸಾಮಾನು ಇಲ್ಲ, ಎಲ್ಲಾ ನನ್ನದೇ" ಅಂತ ತೋರಿಸಿದ ಹಾಗೆ. ಸಾಮಾನಿಗೆ ಮಾರಾಟ ತೆರಿಗೆ ಕಟ್ಟಿದ್ದಕ್ಕೂ ಅದೇ ಸಾಕ್ಷಿ. ಕಟ್ಟಿಲ್ಲ ಅಂದ್ರೆ ಅಲ್ಲೇ ವಸೂಲಿ.

ಆ ರಸೀದಿಗಳ ಮೇಲೆ ಒಂದು ಫಾರ್ಮ್, ಸ್ಟೇಟ್‌ಮೆಂಟ್ ಆಫ್ ಕನ್‌ಸ್ಟ್ರಕ್ಷನ್. ಕಾರನ್ನ ಯಾರು ಕಟ್ಟಿದ್ರು, ಯಾವ ಭಾಗ ಎಲ್ಲಿಂದ ಬಂತು, ಒಟ್ಟು ಬೆಲೆ ಎಷ್ಟು. ಓನರ್ ಜೊತೆ ನಾನೂ ಹೋಗಿದ್ದೆ. ಕೌಂಟರ್ ಹೆಂಗಸು ಕಂಪ್ಯೂಟರ್ ನೋಡ್ತಾನೇ "ಇದನ್ನ ಮಾಡಿದ್ದು ಯಾರು?" ಅಂದ್ರು. ಇವರು "ನಾನೇ" ಅಂದ್ರು. ಆಕೆ ತಲೆ ಎತ್ತಲೂ ಇಲ್ಲ, ಬರ್ಕೊಂಡ್ರು. ನಾನು ಬೆರಗಾಗಿ ನಿಂತೆ. ಇಷ್ಟೇನಾ?

ಇಷ್ಟೇ ಅಲ್ಲ. ಅದು ಶುರು. ಮುಂದೆ ಹೈವೇ ಪೆಟ್ರೋಲ್ ಪೊಲೀಸರ ಹತ್ತಿರ ಗಾಡಿ ತಗೊಂಡು ಹೋಗಬೇಕು, ಅದೂ ಟ್ರೇಲರ್ ಮೇಲೆ. ಅವರು ಎಂಜಿನ್ ನಂಬರ್, ಫ್ರೇಮ್ ನಂಬರ್ ರಸೀದಿಗಳ ಜೊತೆ ತಾಳೆ ನೋಡಿ, ರಾಜ್ಯ ಕೊಟ್ಟ ಗುರುತಿನ ನಂಬರಿನ ಪಟ್ಟಿಯನ್ನ ಗಾಡಿಗೆ ಹೊಡೀತಾರೆ. ನಮ್ಮ ಚಾಸಿಸ್ ನಂಬರ್ ಇದ್ದ ಹಾಗೆ. ಆಮೇಲೆ ಬ್ರೇಕ್, ಲೈಟು ಪರೀಕ್ಷೆ. ಆಗ ಅದಕ್ಕೆ ಪರವಾನಗಿ ಇರೋ ಗ್ಯಾರೇಜುಗಳಿದ್ದವು, 2024ರಲ್ಲಿ ಅದನ್ನ ಬದಲಿಸಿ ಹೊಸ ಪದ್ಧತಿ ತಂದಿದಾರೆ. ಓನರ್ ಅವರ ಹೆಡ್‌ಲೈಟ್ ಎತ್ತರ ಸರಿಯಿಲ್ಲ ಅಂತ ಮೊದಲ ಸಲ ವಾಪಸ್ ಕಳಿಸಿದ್ರು. ಮನೆಗೆ ಬಂದವರೇ ಎರಡು ದಿನ ಮಾತೇ ಆಡಲಿಲ್ಲ.

ಇಷ್ಟಾದ್ರೂ ದೊಡ್ಡ ಗಂಟು ಬಾಕಿ: ಹೊಗೆ. ಕ್ಯಾಲಿಫೋರ್ನಿಯಾ ಹೊಗೆ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಇವತ್ತು ಕಟ್ಟಿದ ಕಾರು ಇವತ್ತಿನ ಹೊಗೆ ನಿಯಮ ಪಾಲಿಸಬೇಕು ಅಂದ್ರೆ ಹಳೇ ತರದ ವಿ8 ಹಾಕಿದ ಕೋಬ್ರಾ ಎಲ್ಲಿ ಪಾಸಾಗುತ್ತೆ? ಇದಕ್ಕೆ ಅವರ ಸೆನೆಟ್ ಬಿಲ್ 100 ಅನ್ನೋ ಕಾನೂನು 2002ರಿಂದ ಒಂದು ದಾರಿ ಮಾಡಿದೆ. ವರ್ಷಕ್ಕೆ 500 ಗಾಡಿಗೆ ಮಾತ್ರ ಒಂದು ಸರದಿ ಸಂಖ್ಯೆ. ಅದು ಸಿಕ್ಕಿದ್ರೆ ನಿಮ್ಮ ಬಾಡಿ ಯಾವ ವರ್ಷದ ಕಾರಿನ ಹಾಗಿದೆಯೋ, ಅಥವಾ ಎಂಜಿನ್ ಯಾವ ವರ್ಷದ್ದರ ಹಾಗಿದೆಯೋ, ಆ ವರ್ಷದ ಹೊಗೆ ನಿಯಮ ಆರಿಸ್ಕೊಬಹುದು. ಎರಡೂ ಯಾವುದನ್ನೂ ಹೋಲದೆ ಇದ್ರೆ 1960 ಅಂತ ಹಿಡೀತಾರೆ. ಸರ್ಕಾರ ನೇಮಿಸಿದ ರೆಫ್ರಿ ಬಂದ ಗಾಡಿ ನೋಡಿ, ಹೌದು ಇದು 1965ರ ಕೋಬ್ರಾ ತರ ಇದೆ ಅಂತ ಸಹಿ ಹಾಕ್ತಾರೆ. ಅಷ್ಟು ಹಳೇ ವರ್ಷಕ್ಕೆ ಹೊಗೆ ಪರೀಕ್ಷೆಯೇ ಇಲ್ಲ!

ಸಂಖ್ಯೆ ಕೊಡೋಕೆ ಶುರು ಮಾಡೋದು ಜನವರಿಯ ಮೊದಲ ಕೆಲಸದ ದಿನ. ಕೆಲವು ವರ್ಷ ಮೊದಲ ದಿನವೇ 500 ಖಾಲಿಯಾದದ್ದೂ ಉಂಟು. ಹಾಗಾಗಿ ಓನರ್ ಬೆಳಗಿನ ಜಾವಕ್ಕೇ ಹೋಗಿ ಬಾಗಿಲಲ್ಲಿ ನಿಂತಿದ್ರು, ಮಡಚೋ ಕುರ್ಚಿ, ಫ್ಲಾಸ್ಕ್ ಸಮೇತ. ನಾನು ಆಫೀಸಿಗೆ ಹೋಗೋ ದಾರೀಲಿ ತಿಂಡಿ ಕೊಟ್ಟು ಬಂದೆ. ತತ್ಕಾಲ್ ಟಿಕೆಟ್‌ಗೆ ನಿಂತ ನಮ್ಮಪ್ಪ ನೆನಪಾದ್ರು.

ಕೊನೆಗೆ ಬಂದ ಟೈಟಲ್‌ನಲ್ಲಿ ತಯಾರಿಕೆಯ ಜಾಗದಲ್ಲಿ ಶೆಲ್ಬಿ ಅಂತ ಇರಲಿಲ್ಲ, ಫೋರ್ಡ್ ಅಂತಲೂ ಇರಲಿಲ್ಲ. ಎಸ್‌ಪಿಸಿಎನ್‌ಎಸ್ ಅಂತಿತ್ತು, ಅಂದ್ರೆ ವಿಶೇಷವಾಗಿ ಕಟ್ಟಿದ ವಾಹನ. ಇದನ್ನ ಮರೆಮಾಚಿ, 1965ರ ಅಸಲಿ ಗಾಡಿ ಅಂತಲೇ ಬರೆಸಿ ತೆರಿಗೆ, ಹೊಗೆ ಪರೀಕ್ಷೆ ತಪ್ಪಿಸ್ಕೊಂಡವರು ಬೇಕಾದಷ್ಟು ಜನ ಇದ್ರು. ಅದು ಅಪರಾಧ. ಮುಂದೆ ಮಾರೋಕೆ ಹೋದಾಗ, ಅಪಘಾತ ಆದಾಗ ಸಿಕ್ಕಿಬೀಳ್ತಾರೆ. ಓನರ್ ಅದಕ್ಕೇ ಫೈಲನ್ನ ಅಷ್ಟು ಜೋಪಾನ ಮಾಡಿದ್ದು. ಬೇರೆ ಹಲವು ರಾಜ್ಯಗಳಲ್ಲಿ ಇದು ಇಷ್ಟು ಕಷ್ಟ ಇಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ತರ: ಒಂದೇ ಒಂದು ಗಾಡಿ ತಂದ್ರೂ ಅದನ್ನ ಮಾತ್ರ ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋ ಐವಿಎ ಅನ್ನೋ ವ್ಯವಸ್ಥೆ.

ಸರಿ. ಪ್ರಾಜೆಕ್ಟ್ ಮುಗೀತು, ಪುಣೆಗೆ ಬಂದೆ. ತಲೆಯಲ್ಲಿ ಆ ಹುಳ ಕೊರೀತಾನೇ ಇತ್ತು. ಇಲ್ಲಿ ಕೋಬ್ರಾ ಬೇಡ, ಒಂದು ಓಪನ್ ಜೀಪ್ ಸಾಕು ಅಂದ್ಕೊಂಡೆ. ಬಿಡಿಭಾಗ ತಂದು ನಾನೇ ಕಟ್ಟೋಣ ಅಂತ ಆಸೆ. ಹೆಂಡತಿ ಅಪಾರ್ಟ್‌ಮೆಂಟ್ ಪಾರ್ಕಿಂಗ್ ತೋರಿಸಿ, ಎಲ್ಲಿ ಕಟ್ತೀಯಾ ಅಂದ್ಲು. ಹಾಗಾಗಿ ಕಟ್ಟಿ ಮುಗಿಸಿದ್ದನ್ನೇ ಕೊಳ್ಳೋಣ ಅಂತ ಹುಡುಕಿದೆ. ಇಂಥ ಜೀಪುಗಳು ಆನ್‌ಲೈನಲ್ಲಿ ಬೇಕಾದಷ್ಟು ಸಿಗ್ತವೆ. ದೊಡ್ಡ ಟೈರು, ಪವರ್ ಸ್ಟೀರಿಂಗ್, ಟರ್ಬೊ ಡೀಸೆಲ್ ಎಂಜಿನ್, ಹೊಳೆಯೋ ಪೇಂಟು. "ಪೇಪರ್ ಎಲ್ಲಾ ಕ್ಲಿಯರ್ ಸರ್." ಬೇರೆ ರಾಜ್ಯದ ನಂಬರ್, ಆದ್ರೆ ಗಾಡಿ ಪುಣೆಯಲ್ಲೇ ಇದೆ. ಫೋಟೋ ನೋಡಿ ಮನಸ್ಸು ಜಾರಿತು. ನಲವತ್ತು ಸಾವಿರ ಅಡ್ವಾನ್ಸ್ ಕಳಿಸಿಬಿಟ್ಟೆ.

ಶನಿವಾರ ನೋಡೋಕೆ ಹೋದೆ. ಆರ್‌ಸಿ ಕೈಗೆ ಕೊಟ್ಟ. ಎಂಬತ್ತರ ದಶಕದ ಪೆಟ್ರೋಲ್ ಜೀಪು, ವೀಲ್‌ಬೇಸ್ 2032 ಮಿಲಿಮೀಟರ್. ನಾವು ಯಾರೂ ಓದದ ಸಾಲು ಅದು, ಆದ್ರೆ ಆರ್‌ಸಿಯಲ್ಲಿ ಇರುತ್ತೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು ಉದ್ದ ಅಂತ. ಬ್ಯಾಗಲ್ಲಿ ಟೇಪಿತ್ತು, ಹಿಡಿದೆ. 2400ಕ್ಕೂ ಮೇಲೆ ಬಂತು. ಕಾಗದದಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್. ಅಂದ್ರೆ ಎಲ್ಲೋ ಗುಜರಿಗೆ ಹೋದ ಹಳೇ ಜೀಪಿನ ಕಾಗದವನ್ನ ಹೊಸದಾಗಿ ವೆಲ್ಡ್ ಮಾಡಿದ ಗಾಡಿಗೆ ಅಂಟಿಸಿದಾರೆ. ಸತ್ತವನ ಆಧಾರ್ ಕಾರ್ಡ್ ಇಟ್ಕೊಂಡು ಓಡಾಡೋ ಮನುಷ್ಯನ ತರ. ಅಡ್ವಾನ್ಸ್ ವಾಪಸ್ ಕೇಳಿದೆ. "ಬೇರೆ ಪಾರ್ಟಿಗೆ ಇಲ್ಲ ಅಂದ್ಬಿಟ್ಟೆ ಸರ್, ನಿಮ್ಗೋಸ್ಕರ" ಅಂತ ಶುರು ಮಾಡಿದ. ಬರಲಿಲ್ಲ.

ಸೋಮವಾರ ರಜೆ ಹಾಕಿ ಆರ್‌ಟಿಒಗೆ ಹೋದೆ. ನನಗೆ ಒಂದೇ ಪ್ರಶ್ನೆ: ಕಳ್ಳ ದಾರಿ ಬೇಡ, ಪ್ರಾಮಾಣಿಕವಾಗಿ ನಾನೇ ಕಟ್ಟಿದೆ ಅಂತ ಹೇಳಿದ್ರೆ ರಿಜಿಸ್ಟರ್ ಮಾಡ್ತೀರಾ? ಇನ್ಸ್‌ಪೆಕ್ಟರ್ ಸಾಹೇಬರು ಪುರುಸೊತ್ತಾಗಿದ್ರು, ಕೂರಿಸಿ ಮಾತಾಡಿದ್ರು. ಅವರು ಕೇಳಿದ್ದೂ ಅದೇ ಪ್ರಶ್ನೆ. "ಇದನ್ನ ಮಾಡಿದ್ದು ಯಾರು?" ನಾನು "ನಾನೇ ಅಂತಿಟ್ಕೊಳ್ಳಿ ಸರ್" ಅಂದೆ. ಅವರು ನಕ್ಕು, "ಹಾಗಾದ್ರೆ ಫಾರ್ಮ್ 22ಕ್ಕೆ ಸಹಿ ಹಾಕೋರು ಯಾರು?" ಅಂದ್ರು.

ಇಡೀ ವಿಷಯದ ಕೀಲಿ ಆ ಫಾರ್ಮ್ 22. ನಮ್ಮ ದೇಶದಲ್ಲಿ ಹೊಸ ಗಾಡಿ ರಿಜಿಸ್ಟ್ರೇಷನ್‌ಗೆ ಫಾರ್ಮ್ 20 ಅರ್ಜಿ. ಅದರ ಜೊತೆ ಫಾರ್ಮ್ 21 ಮಾರಾಟ ಪತ್ರ, ಫಾರ್ಮ್ 22 ರಸ್ತೆಗೆ ಯೋಗ್ಯ ಅನ್ನೋ ಪ್ರಮಾಣಪತ್ರ, ಇನ್ಶೂರೆನ್ಸ್. ಶೋರೂಮಲ್ಲಿ ಕೊಂಡಾಗ ಡೀಲರ್ ಇದೆಲ್ಲ ಮಾಡೋದ್ರಿಂದ ನಾವು ನೋಡಿರೋದೇ ಇಲ್ಲ. 22ಕ್ಕೆ ಸಹಿ ಹಾಕಬೇಕಾದ್ದು ತಯಾರಕರು. ಹೊಗೆ ನಿಯಮ, ಸುರಕ್ಷತಾ ನಿಯಮ ಪಾಲಿಸಿದೀವಿ ಅಂತ ಅವರು ಹೇಳಬೇಕಾದ್ರೆ ಮೊದಲು ಆ ಮಾದರಿ ಪರೀಕ್ಷೆಯಲ್ಲಿ ಪಾಸಾಗಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಅದು. ಪರೀಕ್ಷೆ ಮಾಡೋ ಸಂಸ್ಥೆಗಳ ಪಟ್ಟಿಯೂ ಅಲ್ಲೇ ಇದೆ. ಅದರಲ್ಲಿ ಎಆರ್‌ಎಐ ನಮ್ಮ ಪುಣೆಯಲ್ಲೇ, ಕೋಥ್ರೂಡ್ ಪಕ್ಕದ ಗುಡ್ಡದ ಮೇಲೆ. ನಾನು ಬೆಳಿಗ್ಗೆ ವಾಕಿಂಗ್ ಹೋಗೋ ಗುಡ್ಡ!

ಬಾಗಿಲು ಪೂರ್ತಿ ಮುಚ್ಚಿಲ್ಲ, ಆದ್ರೆ ಆ ಬಾಗಿಲು ಕಂಪನಿಗೆ ಅಂತ ಮಾಡಿದ್ದು. ಸಾವಿರಾರು ಗಾಡಿ ಮಾರೋನು ಒಂದು ಮಾದರಿಯನ್ನ ಪರೀಕ್ಷೆಗೆ ಕೊಟ್ರೆ ಆ ಖರ್ಚು ಎಲ್ಲಾ ಗಾಡಿಗಳ ಮೇಲೆ ಹಂಚಿಹೋಗುತ್ತೆ. ನಿಮ್ಮದು ಒಂದೇ ಗಾಡಿ. ಡಿಕ್ಕಿ ಪರೀಕ್ಷೆಗೆ ಅದನ್ನ ಗೋಡೆಗೆ ಗುದ್ದಿಸಿದ್ರೆ ಮನೆಗೆ ತರೋಕೆ ಏನು ಉಳಿಯುತ್ತೆ? ಕ್ಯಾಲಿಫೋರ್ನಿಯಾದ ಫಾರ್ಮಿನಲ್ಲಿ "ನಾನೇ" ಅಂತ ಬರೆಯೋಕೆ ಒಂದು ಜಾಗ ಇದೆ. ನಮ್ಮ ಫಾರ್ಮಿನಲ್ಲಿ ಆ ಜಾಗ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಬ್ರಿಟನ್ ತರ ಒಂದೇ ಗಾಡಿಯ ಪರೀಕ್ಷೆ ಇಲ್ಲೂ ಬರಬೇಕು. ನಮ್ಮ ಹುಡುಗರು ಬಾಹಾ ಸ್ಪರ್ಧೆಗೆ ಕಾಲೇಜಲ್ಲೇ ಗಾಡಿ ಕಟ್ತಾರೆ, ಕೈಯಲ್ಲಿ ಕಸುಬಿಲ್ಲ ಅಂತ ಅಲ್ಲ. ಆದ್ರೆ ಬರೋವರೆಗೂ ಇರೋ ಕಾನೂನೇ ಕಾನೂನು.

ನಮ್ಮ ಗಡಿ ಪಕ್ಕದ ಸಾಂಗ್ಲಿ ಜಿಲ್ಲೆಯ ದತ್ತಾತ್ರೇಯ ಲೋಹಾರ್ ಅವರ ಪುಟ್ಟ ಜೀಪು ನಿಮಗೆ ನೆನಪಿರಬಹುದು. ಗುಜರಿ ಸಾಮಾನು, ಬೈಕಿನ ತರ ಕಿಕ್ ಹೊಡೆದು ಸ್ಟಾರ್ಟ್ ಮಾಡೋದು, ಖರ್ಚು ಸುಮಾರು ಅರವತ್ತು ಸಾವಿರ. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರಾ ಆ ವಿಡಿಯೋ ಹಂಚಿಕೊಂಡು ಮೆಚ್ಚಿದ್ರು. ಮೆಚ್ಚುತ್ತಲೇ, ಇದು ಯಾವ ನಿಯಮಕ್ಕೂ ಹೊಂದಲ್ಲ, ಇವತ್ತಲ್ಲ ನಾಳೆ ಅಧಿಕಾರಿಗಳು ನಿಲ್ಲಿಸ್ತಾರೆ ಅಂತಾನೂ ಹೇಳಿದ್ರು. 2022ರ ಜನವರಿಯಲ್ಲಿ ಅದನ್ನ ತಗೊಂಡು ಬದಲಿಗೆ ಬೊಲೆರೊ ಕೊಟ್ರು. ಅಷ್ಟು ದೊಡ್ಡ ಕಂಪನಿಯ ಯಜಮಾನರೂ ಆ ಗಾಡಿಗೆ ನಂಬರ್ ಕೊಡಿಸೋ ಮಾತಾಡಲಿಲ್ಲ, ಗಮನಿಸಿ.

ಇನ್ನು ಇರೋ ಗಾಡಿಯನ್ನೇ ಬದಲಿಸೋದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ವಿವರ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡ ಬಿಡಿ, ಕಟ್ಟಬಹುದು. ನಾನು ತಮ್ಮನಿಗೆ ಹೆದರಿಸಿ ಹೇಳಿದ್ದು ಬೇರೆ. ರಿಜಿಸ್ಟ್ರೇಷನ್ ಇಲ್ಲ ಅಂದ್ರೆ ಇನ್ಶೂರೆನ್ಸ್ ಇಲ್ಲ. ಯಾರಿಗೋ ತಾಗಿ, ಅವರು ದುಡಿಯೋ ವಯಸ್ಸಿನವರಾಗಿ, ಜೀವಕ್ಕೆ ಕುತ್ತಾದ್ರೆ ಕೋರ್ಟು ಹೇಳೋ ಪರಿಹಾರ ಪೂರ್ತಿ ನಿನ್ನ ಜೇಬಿಂದ. ಹೋಮ್ ಲೋನ್ ಕಟ್ತಾ ಇರೋ ಫ್ಲ್ಯಾಟಿನವರೆಗೂ ಬರುತ್ತೆ. ಕಾಗದ ಅಂಟಿಸಿದ ಜೀಪಿಗೂ ಅಷ್ಟೇ. ಪ್ರೀಮಿಯಂ ತಗೊಳ್ಳುವಾಗ ಯಾರೂ ಟೇಪ್ ಹಿಡಿಯಲ್ಲ, ಅಪಘಾತ ಆದ ಮೇಲೆ ಸರ್ವೇಯರ್ ಹಿಡೀತಾನೆ.

ಹಾಗಾದ್ರೆ ಆಸೆ ಇರೋರು ಏನು ಮಾಡಬಹುದು? ಹಳೇ ಗಾಡಿಯನ್ನ ಅದರದೇ ಮೂಲ ರೂಪಕ್ಕೆ ತರಬಹುದು, ಕಟ್ಟೋ ಖುಷಿ ಅದರಲ್ಲೂ ಇದೆ. ಅದೇ ಮಾದರಿಯ ಎಂಜಿನ್ ಹಾಕೋದಾದ್ರೂ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ಬದಲಿಸ್ಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಚಾಸಿಸ್, ಬಾಡಿ, ಎಂಜಿನ್ ಬದಲಾಗದೆ ಇದ್ರೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತೆ. ಹೊಸದಕ್ಕೆ ಶುಲ್ಕ 20,000, ನಂಬರಿನ ನಡುವೆ ವಿಎ ಅಂತ ಬರುತ್ತೆ. ಆದ್ರೆ ಅದರಲ್ಲಿ ದಿನಾ ಆಫೀಸಿಗೆ ಹೋಗೋ ಹಾಗಿಲ್ಲ. ಪೆಟ್ರೋಲ್ ಗಾಡಿಯನ್ನ ಎಲೆಕ್ಟ್ರಿಕ್ ಮಾಡಿಸೋಕೂ ಕಾನೂನಲ್ಲಿ ಜಾಗ ಇದೆ. ಒಪ್ಪಿಗೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಬರೆಸಬೇಕು. ನೀವೇ ಬ್ಯಾಟರಿ ಜೋಡಿಸೋದಕ್ಕೆ ಅದು ಅನ್ವಯಿಸಲ್ಲ.

ಇನ್ನೊಂದು ಉಳಿದಿದೆ. ಕಾಯ್ದೆಯಲ್ಲಿ ಮೋಟಾರು ವಾಹನ ಅಂದ್ರೆ ಏನು ಅಂತ ಹೇಳುವಾಗ, ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಓಡಿಸೋಕೆ ಅಂತ ಮಾಡಿದ ಗಾಡಿಯನ್ನ ಹೊರಗಿಟ್ಟಿದಾರೆ. ಅದಕ್ಕೆ ನಂಬರ್ ಬೇಡ. ಇದನ್ನ ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಸುಮ್ನಿದ್ದ. "ತಾತನ ಮಾವಿನ ತೋಟಕ್ಕೆ ಸುತ್ತ ಬೇಲಿ ಇದೆ ಅಲ್ವಾ ಅಣ್ಣಾ?" ಅಂದ. ಇದೆ, ಗೇಟು ಕೂಡ ಇದೆ ಅಂದೆ. ಮೊನ್ನೆ ದೀಪಾವಳಿಗೆ ಬಗ್ಗಿಯನ್ನ ಬಾಡಿಗೆ ಟೆಂಪೋ ಮೇಲೆ ಹಾಕ್ಕೊಂಡು ಹಾವೇರಿಗೆ ತಂದ. ಗೇಟಿನ ಒಳಗೆ ಇಳಿಸಿದೀವಿ. ಮಾವಿನ ಕ್ರೇಟ್ ಹೊರೋಕೆ ಹಿಂದುಗಡೆ ಒಂದು ಕ್ಯಾರಿಯರ್ ವೆಲ್ಡ್ ಮಾಡಿಕೊಡು ಅಂತ ತಾತ ಈಗಾಗಲೇ ಅವನ ಬೆನ್ನು ಬಿದ್ದಿದಾರೆ.

ಮುಂದಿನ ವಾರ ಕರ್ನಾಟಕದ ನಂಬರ್ ಗಾಡಿಯನ್ನ ಬೇರೆ ರಾಜ್ಯಕ್ಕೆ ಬದಲಿಸೋದು, ಎನ್‌ಒಸಿ, ರೋಡ್ ಟ್ಯಾಕ್ಸ್ ವಾಪಸ್ ಪಡೆಯೋ ವಿಷಯ ಮಾತಾಡೋಣ.